ರಥಬೀದಿಯಿಂದ ಎಳೆದ ಕೇಬಲ್

2000ನೇ ಇಸವಿ, ಜನವರಿ 18ರ ನಸುಕು. ಉಡುಪಿಯಲ್ಲಿ ಕೃಷ್ಣಮಠದ ಪೂಜೆಯ ಹೊಣೆ ಎರಡು ವರ್ಷಕ್ಕೊಮ್ಮೆ ಕೈಬದಲಾಗುವ ಪರ್ಯಾಯ; ಪೇಜಾವರದ ವಿಶ್ವೇಶತೀರ್ಥ ಸ್ವಾಮೀಜಿಯವರ ನಾಲ್ಕನೇ ಪರ್ಯಾಯದ ಮೆರವಣಿಗೆ ಜೋಡುಕಟ್ಟೆಯಿಂದ ಹೊರಟಿತ್ತು. ನಾನು ತೆಂಕಪೇಟೆಯ ಒಂದು ತಾರಸಿಯ ಮೇಲೆ ಬಿದಿರಿನ ಗಳ ಹಿಡಿದು ನಿಂತಿದ್ದೆ. ರಥಬೀದಿಯ ಕ್ಯಾಮೆರಾದಿಂದ ನಮ್ಮ ಕಂಟ್ರೋಲ್ ರೂಮಿಗೆ ಎಳೆದ ಕೇಬಲ್ ರಸ್ತೆಗೆ ಅಡ್ಡ ಹೋಗಿತ್ತು. ಎತ್ತರದ ಟ್ಯಾಬ್ಲೋ ಬಂದಾಗಲೆಲ್ಲ ಅದನ್ನು ಗಳದಿಂದ ಮೇಲೆತ್ತಬೇಕು. ಎಲ್ಲಾದರೂ ಸಿಕ್ಕಿ ಹರಿದರೆ ನಮ್ಮ ಕನೆಕ್ಷನ್ ಇದ್ದ ಅಷ್ಟೂ ಮನೆಗಳಲ್ಲಿ ಲೈವ್ ನಿಂತುಹೋಗುತ್ತಿತ್ತು.

ಹರಿಯಲಿಲ್ಲ. ಅಲ್ಲಿಯವರೆಗೆ ನಾನು ಬೇರೆಯವರ ಚಾನೆಲ್ ಮನೆಮನೆಗೆ ಮುಟ್ಟಿಸುವವನು. ಅವತ್ತು ಬೆಳಗಾಗುವಾಗ ನನ್ನದೂ ಒಂದು ಚಾನೆಲ್ ಆಗಿತ್ತು.

ಕೇಬಲ್ ಟಿವಿ ಶುರುಮಾಡಿದ್ದು 1993ರಲ್ಲಿ, ಸೊಸೈಟಿ ಸಾಲದಿಂದ. ಒಂದು ಡಿಶ್, ಚಾನೆಲ್‌ಗಳನ್ನು ಕೇಬಲ್‌ಗೆ ಏರಿಸುವ ನಾಲ್ಕು ಮಾಡ್ಯುಲೇಟರ್, 60 ಮನೆ. 1995ರ ಕೇಬಲ್ ಕಾಯ್ದೆ ಬಂದ ಮೇಲೆ ಹೆಡ್ ಪೋಸ್ಟ್ ಆಫೀಸಿನಲ್ಲಿ ನೋಂದಣಿ ಮಾಡಿಸಿದೆ. ಟಿವಿ ವ್ಯವಹಾರಕ್ಕೆ ಅಂಚೆ ಕಚೇರಿಯ ಕಾಗದ ಬೇಕು ಅಂದರೆ ಈಗಿನ ಹುಡುಗರು ನಂಬುವುದಿಲ್ಲ.

ನಮ್ಮ ದೊಡ್ಡ ಶತ್ರು ಸಿಡಿಲು. ಮಳೆ ಹಿಡಿಯುವ ಮೊದಲು ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರ್ ಸಂಜೆಗಳಲ್ಲಿ ಜಾಸ್ತಿ. ಒಂದೇ ಸಂಜೆ ಐದು ಆಂಪ್ಲಿಫೈಯರ್ ಸುಟ್ಟದ್ದುಂಟು. ಪ್ರತಿಯೊಂದಕ್ಕೂ ಸರಿಯಾಗಿ ಅರ್ತಿಂಗ್ ಕೊಡುವುದು, ಸ್ಪೇರ್ ಇಟ್ಟುಕೊಳ್ಳುವುದು, ಗುಡುಗು ಕೇಳಿದ ಕೂಡಲೇ ಲೈನ್ ಬಿಡಿಸುವುದು, ಇದನ್ನೆಲ್ಲ ಕಲಿಯಲು ಮೂರು ಮಳೆಗಾಲ ಹಿಡಿಯಿತು. ತೆಂಗಿನ ಮಡಲು ಬಿದ್ದು ಲೈನ್ ತುಂಡಾಗುವುದಕ್ಕೆ ಮಾತ್ರ ಇವತ್ತಿಗೂ ಮದ್ದಿಲ್ಲ.

ಕೆಲಸಕ್ಕೆ ಹುಡುಗರು ಬಂದ ಮೇಲೂ ತಿಂಗಳ ದುಡ್ಡು ಕಲೆಕ್ಷನ್ ಮಾಡಲು ನಾನೇ ಹೋಗುತ್ತಿದ್ದೆ. ಈ ವ್ಯವಹಾರದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ ಅಂತ ಈಗಲೂ ಅನಿಸುತ್ತದೆ. ಜಗಲಿಯಲ್ಲಿ ಕೂತು ನೀರು ಕುಡಿಯುವಾಗ ಜನ ಮನಸ್ಸಿನ ಮಾತು ಹೇಳುತ್ತಾರೆ. "ಇಂಗ್ಲಿಷ್, ಹಿಂದಿ ಎಲ್ಲ ಉಂಟು ನಿಮ್ಮಲ್ಲಿ. ನಮ್ಮ ಮೇಳದ ಆಟ ಒಂದು ಹಾಕಿ ಮಾರಾಯ್ರೇ" ಎಂದು ಒಬ್ಬರು ಅಕ್ಕ ಪ್ರತಿ ತಿಂಗಳೂ ಕೇಳುತ್ತಿದ್ದರು. ಆಟ ಅಂದರೆ ನಮ್ಮಲ್ಲಿ ಯಕ್ಷಗಾನ. ನನಗೆ ಅಪ್ಪನ ನೆನಪಾಗುತ್ತಿತ್ತು. 1970ರಲ್ಲಿ ಮಣಿಪಾಲದಲ್ಲಿ ಉದಯವಾಣಿ ಶುರುವಾದಾಗಿನಿಂದ ನಮ್ಮ ಮನೆಗೆ ಅದೇ ಪೇಪರ್. ಅಪ್ಪ ಮೊದಲು ಬಿಡಿಸುತ್ತಿದ್ದದ್ದು ಊರ ಸುದ್ದಿಯ ಪುಟ. ಟಿವಿಯಲ್ಲೂ ಜನರಿಗೆ ಬೇಕಾದದ್ದು ಅದೇ ಅಲ್ವಾ?

ಹಾಗೆ ಯಕ್ಷಗಾನ, ಉತ್ಸವ, ಶಾಲೆಯ ವಾರ್ಷಿಕೋತ್ಸವ ಎಲ್ಲ ಬಂತು. ಆಟ ಚಿತ್ರೀಕರಿಸುವ ಮೊದಲು ಮೇಳದ ಮ್ಯಾನೇಜರರಲ್ಲಿ ಮಾತಾಡಿ ದುಡ್ಡು ಕೊಡುತ್ತಿದ್ದೆ. ರಾತ್ರಿಯಿಡೀ ಕುಣಿಯುವವರು ಅವರು, ನಾವು ಸುಮ್ನೆ ಕ್ಯಾಮೆರಾ ಇಟ್ಟವರು. ದೈವಾರಾಧನೆಯ ಕೋಲದ ವಿಷಯದಲ್ಲಿ ಇನ್ನೂ ಬಿಗಿಯಾಗಿದ್ದೆ. ಮನೆತನದವರು, ದೈವ ಕಟ್ಟುವವರು ಇಬ್ಬರೂ ಒಪ್ಪದಿದ್ದರೆ ಕ್ಯಾಮೆರಾ ಬ್ಯಾಗಿನಿಂದ ಹೊರಗೆ ತೆಗೆಯುತ್ತಿರಲಿಲ್ಲ. ಈಗ ಎಲ್ಲರೂ ಮೊಬೈಲ್ ಎತ್ತಿ ಹಿಡಿಯುವುದು ನೋಡಿದರೆ ಸಂಕಟವಾಗುತ್ತದೆ.

ಜಾಹೀರಾತು ತರುವುದು ಬೇರೆಯೇ ವಿದ್ಯೆ. ಎಷ್ಟು ಜನ ನೋಡುತ್ತಾರೆ ಎಂಬ ಲೆಕ್ಕ ನನ್ನಲ್ಲಿರಲಿಲ್ಲ. ಅಂಗಡಿಯವರಿಗೆ "ಒಂದು ವಾರ ಸ್ಕ್ರೋಲ್ ಹಾಕುತ್ತೇನೆ, ಗಿರಾಕಿ ಬಂದರೆ ಮಾತ್ರ ಮುಂದಿನ ವಾರದ್ದು ಕೊಡಿ" ಎನ್ನುತ್ತಿದ್ದೆ. ಸಣ್ಣ ಅಂಗಡಿಗಳು ಕೈಬಿಡಲಿಲ್ಲ. ದೊಡ್ಡ ಗಿರಾಕಿಯೊಬ್ಬರು ಆರು ತಿಂಗಳ ಬಾಕಿ ಉಳಿಸಿ ವ್ಯವಹಾರವನ್ನೇ ಮುಚ್ಚಿದರು. ಆ ವರ್ಷ ಹುಡುಗರ ಸಂಬಳಕ್ಕೆ ಹೆಂಡತಿಯ ಚಿನ್ನ ಅಡವಿಟ್ಟೆ. ಆಮೇಲೆ ಅರ್ಧ ದುಡ್ಡು ಮುಂಚಿತವಾಗಿ ಕೊಡದವರ ಜಾಹೀರಾತು ಹಾಕಲಿಲ್ಲ, ಸಂಬಂಧಿಕರದ್ದಾದರೂ.

ಡಿಜಿಟಲ್ ಬಂದಾಗ ನಮ್ಮ ಡಿಶ್, ಮಾಡ್ಯುಲೇಟರ್ ಎಲ್ಲ ಗುಜರಿ ಆಯಿತು. ಸೆಟ್ ಟಾಪ್ ಬಾಕ್ಸಿಗೆ ಸಿಗ್ನಲ್ ಕೊಡುವುದು ದೊಡ್ಡ ಕಂಪನಿ. ನನ್ನ ಚಾನೆಲ್ ನನ್ನದೇ ಲೈನಿನಲ್ಲಿ ಬರಬೇಕಾದರೂ ಅವರಿಗೆ ತಿಂಗಳ ಬಾಡಿಗೆ. ಒಂದು ರಾತ್ರಿ ಹೇಳದೆ ಕೇಳದೆ ಚಾನೆಲ್ ನಂಬರ್ ಬದಲಾಯಿಸಿದರು. "ಬಂದ್ ಮಾಡಿದಿರಾ?" ಎಂದು ವಾರಪೂರ್ತಿ ಫೋನ್. 2019ರ ಫೆಬ್ರವರಿಯಲ್ಲಿ ಕೇಂದ್ರದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ಹೊಸ ದರ ಬಂತು. 100 ಚಾನೆಲ್‌ಗೆ 130 ರೂಪಾಯಿ, ತೆರಿಗೆ ಬೇರೆ, ಪೇ ಚಾನೆಲ್‌ಗಳ ದುಡ್ಡು ಬೇರೆ. ಮನೆಮನೆಗೆ ಹೋಗಿ ಪಟ್ಟಿ ಓದಿ ಹೇಳಿದೆ. ವಯಸ್ಸಾದವರಿಗೆ ಅರ್ಥವಾಗಲಿಲ್ಲ, ನಾನು ದುಡ್ಡು ಹೆಚ್ಚಿಸಿದೆ ಅಂದುಕೊಂಡರು. ಆ ಬೇಸರ ಇನ್ನೂ ಹೋಗಿಲ್ಲ.

ಎರಡು ವರ್ಷದ ಮೇಲೆ ಕನೆಕ್ಷನ್‌ಗಳನ್ನೆಲ್ಲ ಬೇರೆಯವರಿಗೆ ಕೊಟ್ಟುಬಿಟ್ಟೆ. ಕ್ಯಾಮೆರಾ ಮಾತ್ರ ಇಟ್ಟುಕೊಂಡೆ. ಸಾಲ ತೀರಿತು, ಇಬ್ಬರು ಹುಡುಗರು ನನ್ನ ಜೊತೆಗೇ ಉಳಿದರು.

ಈಗ ಚಳಿಗಾಲ ಪೂರ್ತಿ ಕಂಬಳದ ಲೈವ್, ಯೂಟ್ಯೂಬಿನಲ್ಲಿ. ಶನಿವಾರ ಬೆಳಿಗ್ಗೆ ಶುರುವಾದದ್ದು ಭಾನುವಾರ ಮಧ್ಯಾಹ್ನವಾದರೂ ಮುಗಿಯುವುದಿಲ್ಲ. ಕೋಣ ಬಿಡುವ ಕಡೆ ಒಂದು ಕ್ಯಾಮೆರಾ, ಓಟ ಮುಗಿಯುವ ಮಂಜೊಟ್ಟಿಯಲ್ಲಿ ಇನ್ನೊಂದು. ಗದ್ದೆಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ ಎಂದು ಎರಡು ಕಂಪನಿಯ ಸಿಮ್ ಇಟ್ಟುಕೊಳ್ಳುತ್ತೇವೆ. ಕಳೆದ ಸಲ ರಾತ್ರಿ ಎರಡು ಗಂಟೆಗೆ ಮುಂಬೈಯಿಂದ ಫೋನ್. "ಕೋಣ ಬಿಡುವಲ್ಲಿಯ ಕ್ಯಾಮೆರಾ ಸ್ವಲ್ಪ ಎಡಕ್ಕೆ ತಿರುಗಿಸಿ ಅಣ್ಣ, ನೇಗಿಲು ಕಿರಿಯ ವಿಭಾಗದಲ್ಲಿ ನಮ್ಮ ಮನೆಯ ಜೋಡಿ ಉಂಟು, ಕಾಣ್ತಾ ಇಲ್ಲ." ಹುಡುಗನಿಗೆ ಕೂಗಿ ಹೇಳಿದೆ. ತಿರುಗಿಸಿದ.