ಒಂದೇ ಅಡುಗೆಮನೆ, ಒಂದೇ ಸಾರು: ನನ್ನ ಬಿಪಿ ಇಳಿಯಿತು, ಅಣ್ಣನದು ಜಪ್ಪಯ್ಯ ಅನ್ನಲಿಲ್ಲ

ನಮ್ಮ ಮನೆಯಲ್ಲಿ ಬಿಪಿ ಅಜ್ಜನ ಕಾಲದಿಂದ ಇದೆ. ಅಜ್ಜ, ಅಪ್ಪ, ಚಿಕ್ಕಪ್ಪ, ಈಗ ಅಣ್ಣ ಮತ್ತು ನಾನು. ಊಟದಲ್ಲಿ ಸರಿ ಮಾಡ್ತೇನೆ ಅಂದಾಗ ಭಾವ ನಕ್ಕರು. "ರಕ್ತದಲ್ಲೇ ಬಂದದ್ದು ಸೊಪ್ಪು ತಿಂದರೆ ಹೋಗ್ತದಾ ಮಾರಾಯ?" ಮೊದಲು ಮಾತ್ರೆ ತಿಂದೂ ಬೆಳಿಗ್ಗೆ ಮೇಲಿನ ಅಂಕಿ 150 ದಾಟುತ್ತಿತ್ತು. ಈಗ 125-130ರ ಆಸುಪಾಸು. ಡಾಕ್ಟರೇ ಮಾತ್ರೆ ಅರ್ಧ ಮಾಡಿದ್ದಾರೆ. ನೀವಾಗಿ ಮಾತ್ರೆ ಬಿಡಬೇಡಿ, ನಾನೂ ಬಿಟ್ಟಿರಲಿಲ್ಲ.

ಮೊದಲು ದುಡ್ಡು ಎಲ್ಲಿ ಹೋಯಿತು ಅಂತ ಹೇಳಿಬಿಡುತ್ತೇನೆ. ಮಣಿಕಟ್ಟಿಗೆ ಕಟ್ಟುವ ಮೆಷಿನ್‌ಗೆ ಸಾವಿರದೈನೂರೋ ಏನೋ. ಕೈ ಸ್ವಲ್ಪ ಮೇಲೆ ಕೆಳಗೆ ಆದರೂ ಅಂಕಿ ಬೇರೆ. ಅದನ್ನು ಮೂಲೆಗೆ ಹಾಕಿ ತೋಳಿಗೆ ಕಟ್ಟುವುದು ತಂದೆ, ಎರಡು ಸಾವಿರದ ಮೇಲಾಯಿತು. ಆಮೇಲೆ ಸೈಂಧವ ಲವಣ. ಮಾಮೂಲಿ ಉಪ್ಪಿನ ನಾಲ್ಕು ಪಟ್ಟು ಬೆಲೆ, ಬಿಪಿಯಲ್ಲಿ ಕಾಸಿನ ವ್ಯತ್ಯಾಸ ಇಲ್ಲ. ಇರೋದು ಹೇಗೆ? ಅದೂ ಹೆಚ್ಚುಕಡಿಮೆ ಸೋಡಿಯಂ ಕ್ಲೋರೈಡೇ.

ಎಲ್ಲಕ್ಕಿಂತ ದೊಡ್ಡ ಖರ್ಚು ಜೀನ್ ಟೆಸ್ಟ್. ಅಣ್ಣ, ನಾನು ಇಬ್ಬರೂ ಟ್ಯೂಬಿಗೆ ಉಗುಳಿ ಕಳಿಸಿದೆವು. ಇಬ್ಬರದ್ದೂ ಸೇರಿ ಹದಿನೈದು ಸಾವಿರಕ್ಕೆ ಮೋಸವಿಲ್ಲ. ಬಣ್ಣದ ಕಾಗದದಲ್ಲಿ ಬಂದ ಉತ್ತರ ಇಬ್ಬರಿಗೂ ಒಂದೇ: ಉಪ್ಪಿಗೆ ಬಿಪಿ ಏರುವ ಗುಣ "ಮಧ್ಯಮ". ಬಿಪಿಗೆ ಸಂಬಂಧಪಟ್ಟ ಜಾಗಗಳು ಜೀನ್‌ಗಳಲ್ಲಿ ಸಾವಿರಕ್ಕೂ ಜಾಸ್ತಿ ಸಿಕ್ಕಿವೆ. ಹೆಚ್ಚಿನವುಗಳ ಪ್ರಭಾವ ಒಂದು ಪಾಯಿಂಟ್‌ಗಿಂತ ಕಡಿಮೆ. ನಾಲ್ಕೈದು ಜಾಗ ನೋಡಿ ಭವಿಷ್ಯ ಹೇಳೋಕಾಗತ್ತಾ?

ಕೊನೆಗೆ ಕೆಲಸ ಮಾಡಿದ್ದು ಪೆನ್ನು. ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆದೆ. ನಾವು ಐದು ಜನ, ಒಂದು ಕೆಜಿ ಹದಿನೆಂಟು ದಿನಕ್ಕೆಲ್ಲ ಖಾಲಿ. ತಲೆಗೆ ದಿನಕ್ಕೆ 11 ಗ್ರಾಂ ಹತ್ತಿರ ಬಂತು. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು 5 ಗ್ರಾಂಗಿಂತ ಕಡಿಮೆ. ಇದರಲ್ಲಿ ಹಪ್ಪಳ, ಬಾಳಕದ ಮೆಣಸು, ಉಪ್ಪಿನಕಾಯಿ ಸೇರಿಲ್ಲ. ಈಗ ಅದೇ ಪ್ಯಾಕೆಟ್ ಒಂದೂವರೆ ತಿಂಗಳು ಬರುತ್ತದೆ. ಅನ್ನಕ್ಕೆ, ಚಪಾತಿ ಹಿಟ್ಟಿಗೆ ಉಪ್ಪು ಪೂರ್ತಿ ಬಂದ್. ಸಾರಿನ ಪುಡಿಯಲ್ಲಿ ಒಂದು ಬದಲಾವಣೆ ಮಾಡಿದ್ದೇನೆ, ಉಪ್ಪು ಕಡಿಮೆ ಅಂತ ನೆಂಟರಿಗೂ ಗೊತ್ತಾಗುವುದಿಲ್ಲ. ಅದು ಮನೆಯ ಗುಟ್ಟು, ಕೇಳಬೇಡಿ.

ಮೂರ್ನಾಲ್ಕು ವಾರದಲ್ಲಿ ನನ್ನದು ಹನ್ನೆರಡು ಹದಿಮೂರು ಪಾಯಿಂಟ್ ಇಳಿಯಿತು. ಅದೇ ಪಾತ್ರೆಯ ಸಾರು ಉಂಡ ಅಣ್ಣನದು ಒಂದೆರಡು, ಅದೂ ಮೆಷಿನ್‌ನ ಆಟ ಇರಬಹುದು. ಖಾತ್ರಿಯಾಗಲಿ ಅಂತ ಕೆಲವು ವಾರ ಬೇಕಂತಲೇ ಹಳೇ ಉಪ್ಪಿಗೆ ಹೋದೆವು. ನನ್ನದು ಸರ್ರನೆ ಮೇಲೆ, ಅಣ್ಣ ಅಲ್ಲೇ. ಅಪ್ಪ ಅಮ್ಮ ಒಂದೇ ಆದರೂ ಇಬ್ಬರಿಗೆ ಬಂದ ಪಾಲು ಬೇರೆ. ಹದಿನೈದು ಸಾವಿರದ ಕಾಗದ ಹೇಳದ್ದನ್ನು ಇಪ್ಪತ್ತೈದು ರೂಪಾಯಿಯ ಪ್ಯಾಕೆಟ್ ಹೇಳಿತು. ಅಣ್ಣನದು ಕೊನೆಗೆ ಇಳಿದದ್ದು ಸಂಜೆಯ ಎರಡು ಪೆಗ್ ನಿಂತ ಮೇಲೆ. ಅತ್ತಿಗೆ ಇದನ್ನು ಹತ್ತು ವರ್ಷದಿಂದ ಹೇಳುತ್ತಿದ್ದರು, ಮೆಷಿನ್ ಇಲ್ಲದೆಯೇ!

ಉಪ್ಪು ಅರ್ಧ ಕತೆ. ಉಳಿದ ಅರ್ಧ ಪೊಟ್ಯಾಸಿಯಂ, ಮೈಯಲ್ಲಿನ ಉಪ್ಪು ಹೊರಗೆ ಹೋಗಲು ನೆರವಾಗುವ ಖನಿಜ. 1997ರಲ್ಲಿ ಅಮೆರಿಕದವರು ಡ್ಯಾಶ್ ಅಂತ ಹೊರತಂದ ಊಟದಲ್ಲಿ ಹಣ್ಣು, ತರಕಾರಿ, ಕೊಬ್ಬು ಕಡಿಮೆಯ ಹಾಲು-ಮೊಸರು ಜಾಸ್ತಿ. ಬಿಪಿ ಏರಿಳಿತದಲ್ಲಿ ಕೈಯಿರುವ ಆಂಜಿಯೋಟೆನ್ಸಿನೋಜೆನ್ ಅನ್ನುವ ಜೀನ್‌ನ ಒಂದು ಬಗೆ ಇದ್ದವರಿಗೆ ಅದು ಹೆಚ್ಚು ಹತ್ತಿತ್ತು. ನಮ್ಮ ಮಲೆನಾಡಿನ ಸಾಗರ ಊರಿನ ಕಡೆ ಇದಕ್ಕೆ ಹೊಸ ಅಡುಗೆ ಕಲಿಯಬೇಕಾಗಿಲ್ಲ. ಬಸಳೆ, ಬಾಳೆದಿಂಡು, ಕಡೆದ ಮಜ್ಜಿಗೆಯ ಒಂದೆಲಗದ ತಂಬುಳಿ. ತಂಬುಳಿಯ ಹುಳಿ, ಜೀರಿಗೆ, ಕಾಳುಮೆಣಸು ಇದ್ದರೆ ಚಿಟಿಕೆ ಉಪ್ಪು ಸಾಕು.

ಪೊಟ್ಯಾಸಿಯಂ ಬೆರೆಸಿದ ಉಪ್ಪನ್ನೂ ತಂದೆ. ಚೀನಾದ ಹಳ್ಳಿಗಳಲ್ಲಿ ಇಂಥದ್ದರಿಂದ ಪಾರ್ಶ್ವವಾಯು ಕಡಿಮೆಯಾದದ್ದು 2021ರ ಒಂದು ಅಧ್ಯಯನದಲ್ಲಿ ಬಂದಿದೆ. ಆದರೆ ಅಮ್ಮನಿಗೆ ಕ್ರಿಯಾಟಿನಿನ್ ಜಾಸ್ತಿ, ಅಂದರೆ ಕಿಡ್ನಿ ಸ್ವಲ್ಪ ದುರ್ಬಲ; ತಿನ್ನುವುದು ಟೆಲ್ಮಿಸಾರ್ಟನ್, ಪೊಟ್ಯಾಸಿಯಂ ಏರಿಸಬಲ್ಲ ಬಿಪಿ ಮಾತ್ರೆ. ಡಾಕ್ಟರು ಖಡಾಖಂಡಿತ ಬೇಡ ಅಂದರು, ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯಕ್ಕೇ ಅಪಾಯ. ಅಮ್ಮನಿಗೆ ಎಳನೀರಿಗೂ ಲೆಕ್ಕ. ಒಂದೇ ಒಲೆಯಲ್ಲಿ ಎರಡು ಉಪ್ಪು ಯಾಕೆ ಅಂತ ಆ ಪ್ಯಾಕೆಟ್ ವಾಪಸ್ ಕೊಟ್ಟೆವು.

ನಡುವೆ ಒಂದು ವಿಚಿತ್ರ ನಡೆಯಿತು. ಎಲ್ಲ ಸರಿಯಿದ್ದಾಗ ನನ್ನ ಬಿಪಿ ಇದ್ದಕ್ಕಿದ್ದಂತೆ 145 ಮುಟ್ಟಿತು, ಕಾಲು ಸ್ವಲ್ಪ ಊದಿತು. ಹುಡುಕಿದರೆ ಕೆಮ್ಮಿಗೆ ದಿನಾ ಕುಡಿಯುತ್ತಿದ್ದ ಜ್ಯೇಷ್ಠಮಧುವಿನ ಕಷಾಯ! ಅದು ಮೈಯಲ್ಲಿ ಉಪ್ಪು ನಿಲ್ಲಿಸುತ್ತದೆ, ಪೊಟ್ಯಾಸಿಯಂ ಹೊರಗೆ ಹಾಕುತ್ತದೆ. ಬಿಟ್ಟ ಮೇಲೂ ಸರಿಹೋಗಲು ಎರಡು ವಾರದಷ್ಟು ಹಿಡಿಯಿತು.

ಬಗ್ಗದೆ ಉಳಿದದ್ದು ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿ. ಉಪ್ಪು ಕಡಿಮೆ ಹಾಕಿದ ಒಂದು ಜಾಡಿ ಪೂರ್ತಿ ಕೊಳೆಯಿತು. ಮಿಡಿಯನ್ನು ನೀರಲ್ಲಿ ನೆನೆಸಿದರೆ ಉಪ್ಪಿನ ಜೊತೆ ಪರಿಮಳವೂ ಹೋಗುತ್ತದೆ. ಸದ್ಯಕ್ಕೆ ವಾರಕ್ಕೆ ಎರಡು ಮಿಡಿ, ಅದೂ ಉಪ್ಪು ಹಾಕದ ಮಜ್ಜಿಗೆ ಅನ್ನದ ಜೊತೆ ಮಾತ್ರ. ಅಣ್ಣ ಎದುರಿಗೇ ಕೂತು ದಿನಾ ತಿನ್ನುತ್ತಾನೆ.