ಬೀಳದ ಎರಡು ರೂಪಾಯಿ ನಾಣ್ಯ

ಮಂಡ್ಯದಲ್ಲಿ ಬೆಲ್ಲದ ಮಂಡಿ ನನ್ನದು. ರಾತ್ರಿ ದುಡ್ಡು ಹಿಡಿದು ಊರಿಗೆ ಹೋಗಬೇಕು ಅಂತ ಗನ್ ಲೈಸೆನ್ಸ್ ಮಾಡಿಸಿದೆ. ಕಾನ್ಪುರದ .32 ರಿವಾಲ್ವರ್, ತೆರಿಗೆ ಸೇರಿ ಲಕ್ಷ ದಾಟಿತು. ಮೊದಲೆರಡು ವರ್ಷ ಅದು ಬೀರುವಿನಲ್ಲೇ ಇತ್ತು. ಆಯುಧಪೂಜೆಗೆ ಕುಂಕುಮ ಇಟ್ಟಿದ್ದಷ್ಟೇ ಲಾಭ.

ಗುಂಡು ಹಾರಿಸೋದು ಕಲಿಯೋಕೆ ಮೈಸೂರಿನ ರೇಂಜಿಗೆ ಹೋದ ಮೊದಲ ದಿನ ಏಳು ಮೀಟರ್ ದೂರದಲ್ಲಿ ಎ4 ಹಾಳೆ. ಆರು ಗುಂಡಲ್ಲಿ ತಾಗಿದ್ದು ಎರಡು, ಎರಡೂ ಎಡಕ್ಕೆ, ಕೆಳಕ್ಕೆ. 'ಗೌಡ್ರೇ, ಕಳ್ಳ ಬಂದ್ರೆ ನೆಲ ಸಾಯುತ್ತೆ' ಅಂತ ರೇಂಜಿನವರೊಬ್ಬರು ನಕ್ಕರು.

ರೋಷಕ್ಕೆ ಬೇರೆ ಊರಿನಲ್ಲಿ ಎರಡು ದಿನದ ಟ್ಯಾಕ್ಟಿಕಲ್ ತರಬೇತಿಗೆ ಹೆಚ್ಚುಕಡಿಮೆ 18,000 ಸುರಿದೆ. ಕಾರಿನ ಹಿಂದೆ ಅಡಗು, ಉರುಳು, ಕೂಗು. ಮೊಣಕಾಲು ಊದಿಕೊಂಡಿತು, ಗುಂಡು ಮಾತ್ರ ಎಡಕ್ಕೇ ಬಿತ್ತು.

ಆಮೇಲೆ ಮೈಸೂರಿನಲ್ಲಿ ಒಬ್ಬ ನಿವೃತ್ತ ಸುಬೇದಾರ್ ಸಿಕ್ಕಿದರು. ನನಗೆ ಗೊತ್ತಾಗದ ಹಾಗೆ ನಾಲ್ಕು ನಿಜ ಗುಂಡು, ಎರಡು ಡಮ್ಮಿ ತುಂಬಿ ಕೊಟ್ಟರು. ಡಮ್ಮಿ ಬಂದಾಗ ಬರೀ ಟಿಕ್ ಅಂತು, ನಳಿಕೆ ಮಾತ್ರ ಇಷ್ಟುದ್ದ ಕೆಳಗೆ ಕುಸಿಯಿತು. 'ಸಿಡಿಯದ ಗುಂಡಿಗೂ ಹೆದರ್ತೀರಲ್ಲ' ಅಂದರು. ರೋಗ ಅದೇ.

ಮದ್ದು ಎರಡು ರೂಪಾಯಿ ನಾಣ್ಯ. ಗುಂಡೆಲ್ಲ ಬೇರೆ ಕೋಣೆಯಲ್ಲಿ, ಬೀಗದ ಕೈ ಹೆಂಡತಿ ಹತ್ತಿರ. ಗುಂಡು ಕೂರೋ ಚೇಂಬರ್ ಖಾಲಿಯಾ ಅಂತ ಎರಡು ಸಲ ನೋಡಿ, ಆಚೆ ಯಾರೂ ಓಡಾಡದ ಗಟ್ಟಿ ಗೋಡೆ ಕಡೆಗೆ ಗುರಿ. ನಳಿಕೆ ಮೇಲೆ ನಾಣ್ಯ ಇಟ್ಟು, ಅದು ಬೀಳದ ಹಾಗೆ ಡಬಲ್ ಆಕ್ಷನ್‌ನಲ್ಲೇ, ಅಂದರೆ ಗುಂಡಿಗೆ ಬಡಿಯೋ ಹ್ಯಾಮರನ್ನು ಮೊದಲೇ ಹಿಂದಕ್ಕೆ ಎಳೆದಿಡದೆ, ಟ್ರಿಗರ್ ಎಳೆಯಬೇಕು. ದಿನಾ ಬೆಳಿಗ್ಗೆ 30 ಸಲ. 'ಕಾಫಿ ಆರ್ತಿದೆ ರೀ, ನಿಮ್ ನಾಣ್ಯ ಸಾಕು' ಅನ್ನೋಳು ಹೆಂಡತಿ. ಖಾಲಿ ಗನ್ ಎಳೆದು ಯಾರು ಕಲಿತಿದ್ದಾರೆ ಅಂತ ರೇಂಜಿನವರು ಆಡಿಕೊಂಡರು. ಒಂದು ತಪ್ಪು ನಂದೇ: ಡಮ್ಮಿ ಹಾಕದೆ ಎಳೆದೂ ಎಳೆದೂ ಹ್ಯಾಮರ್ ಮೂತಿ ಮುರಿದೆ. ರಿಪೇರಿಗೆ ನಾಲ್ಕು ಸಾವಿರ ಚಿಲ್ಲರೆ, ಕಾದಿದ್ದು ಎರಡು ತಿಂಗಳು.

2023ರ ಚುನಾವಣೆಗೆ ರಿವಾಲ್ವರ್ ಠಾಣೆಯಲ್ಲಿ ಜಮಾ. ಸುಮ್ನೆ ಯಾಕೆ ಕೂರೋದು ಅಂತ ಏರ್ ಪಿಸ್ತೂಲ್ ತಂದೆ. ಅದರ ಸಣ್ಣ ಗುಂಡು, ಪೆಲೆಟ್, ಒಂದಕ್ಕೆ ಆಗ ರೂಪಾಯಿ ಆಸುಪಾಸು, .32 ಗುಂಡಿಗೆ ನೂರರ ಹತ್ತಿರ. ಭಾರಿ ಉಳಿತಾಯ ಅಂದುಕೊಂಡೆ. ಸ್ಪರ್ಧೆಯ ಏರ್ ಪಿಸ್ತೂಲಿನ ಟ್ರಿಗರ್ ಅರ್ಧ ಕಿಲೋ ಭಾರಕ್ಕೇ ಬಿಡುತ್ತೆ, ನನ್ನ ರಿವಾಲ್ವರಿಗೆ ಅದರ ಎಂಟ್ಹತ್ತು ಪಟ್ಟು ಬೇಕು. ರಿವಾಲ್ವರ್ ವಾಪಸ್ ಬಂದ ಮೇಲೆ ಮತ್ತೆ ಎಡಕ್ಕೇ ಗುಂಡು! 2024ರಲ್ಲಿ ಮತ್ತೆ ಜಮಾ ಆದಾಗ ಏರ್ ಪಿಸ್ತೂಲ್ ಮುಟ್ಟಲಿಲ್ಲ, ಸೊಂಟಕ್ಕೆ ಸಿಕ್ಕಿಸೋ ರಿವಾಲ್ವರ್ ಒರೆ, ಅಂದರೆ ಹೋಲ್ಸ್ಟರ್ ಕಡೆ ತಿರುಗಿದೆ.

ನಾನು ಉಡೋದು ಪಂಚೆ. ವಿಡಿಯೋದಲ್ಲಿ ತೋರಿಸೋರೆಲ್ಲ ಪ್ಯಾಂಟಿನವರು. ಪಂಚೆ ಮೇಲಿನ ಬೆಲ್ಟಿಗೆ ಸಿಕ್ಕಿಸಿದರೆ ಎಳೆದಾಗ ಹೋಲ್ಸ್ಟರೂ ಕೈಗೆ ಬರುತ್ತೆ, ಒಂದು ಸಲ ಪಂಚೆಯೂ ಬಂತು. ರಿವಾಲ್ವರ್ ಆಕಾರದ ಮರದ ತುಂಡು ಕೊಟ್ಟು ಚಪ್ಪಲಿ ಹೊಲಿಯೋರ ಹತ್ತಿರ ಮೂರು ಸಲ ಹೊಲಿಸಿದೆ. ಮೂರನೆಯದು ನಿಂತಿತು. ಅದರ ಅಳತೆ ಹೇಳಲ್ಲ. ಬಿಸಿಲಲ್ಲಿ ಬೆವರೋ ಕೈಗೆ ಏನು ಹಚ್ತೀನಿ ಅನ್ನೋದೂ ನನ್ನಲ್ಲೇ ಇರಲಿ.

ಸುಬೇದಾರರು ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮರಕ್ಷಣೆಯ ಹಕ್ಕಿನ ಬಗ್ಗೆ ಇರೋ 34ರಿಂದ 44ರವರೆಗಿನ ಕಲಂಗಳನ್ನೂ ಓದಿಸಿದರು. ಗನ್ ತೆಗೆಯೋ ಅಭ್ಯಾಸಕ್ಕಿಂತ ದುಡ್ಡಿನ ಚೀಲ ಬಿಸಾಕಿ ಹಿಂದೆ ಸರಿಯೋ ಅಭ್ಯಾಸವೇ ಜಾಸ್ತಿ ಮಾಡಿಸಿದರು. ನನಗದು ಮೊದಲು ಅವಮಾನ ಅನ್ನಿಸಿತ್ತು.

ಈಗ ಹೋಲ್ಸ್ಟರಿನಿಂದ ಮೊದಲ ಗುಂಡಿಗೆ ಎರಡು ಸೆಕೆಂಡು, ಮೊದಲು ನಾಲ್ಕು ಇತ್ತು. ಆರರಲ್ಲಿ ಐದು ಅಂಗೈ ಅಗಲದೊಳಗೆ, ಒಳ್ಳೆ ದಿನ ಆರೂ. ಹೋದ ತಿಂಗಳು ಆ ನೆಲದ ಜೋಕ್ ಮಾಡಿದವರು ನನ್ನ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಮೆಲ್ಲಗೆ, 'ಗೌಡ್ರೇ, ಒಂದು ರೂಪಾಯಿ ನಾಣ್ಯ ಆದ್ರೆ ಆಗಲ್ವಾ?' ಅಂದರು.