ಪಾರಿವಾಳಕ್ಕೆ ಅಕ್ಕಿ ಎರಚಿದರೆ ಮುಗೀತಾ?

ತಾರಸಿ ಮೇಲೊಂದು ಪಂಜರ ಇಡ್ತಾರೆ, ನಾಲ್ಕು ಜೋಡಿ ತಂದು ತುಂಬ್ತಾರೆ, ಬೆಳಿಗ್ಗೆ ಒಂದು ಡಬ್ಬಿ ಅಕ್ಕಿ ಎರಚಿ ಆಫೀಸಿಗೆ ಓಡ್ತಾರೆ. ಆಮೇಲೆ "ಆಂಟಿ, ಮೊಟ್ಟೆ ತೆಳ್ಳಗಿತ್ತು, ಒಡೆದೇ ಹೋಯ್ತು" ಅಂತ ನಮ್ಮ ಬಾಗಿಲಿಗೆ ಬರ್ತಾರೆ. ಒಡೆಯದೆ ಇನ್ನೇನಾಗುತ್ತೆ? ಬೀದಿಯ ಹುಡುಗರಿಗೆ ಹೇಳಿ ಹೇಳಿ ನನಗೂ ಸಾಕಾಗಿದೆ.

ಗೂಡಿಗೆ ಬೆಳಗಿನ ಬಿಸಿಲು ಬೀಳಬೇಕು, ಮಳೆಯ ಇರಚಲು ಬರಬಾರದು. ಜಾಲರಿಯ ಕಣ್ಣು ಸಣ್ಣದಿರಲಿ, ಅಗಲ ಇದ್ದರೆ ಇಲಿ ನುಗ್ಗುತ್ತೆ. ಒಂದು ಜೋಡಿಗೆ ಮೊಟ್ಟೆ ಇಡೋಕೆ ಒಂದೇ ಬೋಗುಣಿ ಸಾಕು ಅಂದ್ಕೊಳ್ಳೋದೇ ದೊಡ್ಡ ತಪ್ಪು. ಮರಿಗೆ ಎರಡು ಮೂರು ವಾರ ಆಗುವಷ್ಟರಲ್ಲಿ ತಾಯಿ ಮತ್ತೆ ಮೊಟ್ಟೆಗೆ ಕೂರುತ್ತೆ. ಪಕ್ಕದಲ್ಲಿ ಇನ್ನೊಂದು ಮಣ್ಣಿನ ಬೋಗುಣಿ ಇಲ್ಲದಿದ್ದರೆ ಮರಿಗಳ ನಡುವೆಯೇ ಇಡುತ್ತೆ, ಅವು ತುಳಿದು ಹಾಕುತ್ತವೆ. ಒಣಗಿದ ಬೇವಿನ ಕಡ್ಡಿ ಚೆಲ್ಲಿಬಿಡಿ, ಗೂಡು ಕಟ್ಟೋದು ಅವಕ್ಕೆ ಗೊತ್ತು.

ಮೊದಲ ಮೊಟ್ಟೆ ಸಾಮಾನ್ಯವಾಗಿ ಸಂಜೆ ಬರುತ್ತೆ. ನಡುವೆ ಒಂದು ದಿನ ಬಿಟ್ಟು ಮಧ್ಯಾಹ್ನ ಎರಡನೆಯದು. ಅಲ್ಲಿಂದ 17-18 ದಿನ ಕಾವು. ಬೆಳಿಗ್ಗೆ ಹತ್ತರ ಸುಮಾರಿಗೆ ಹೆಣ್ಣು ಎದ್ದು ಗಂಡು ಕೂರುತ್ತೆ, ಸಂಜೆವರೆಗೂ ಅದರದ್ದೇ ಪಾಳಿ. ಇದು ಗೊತ್ತಿಲ್ಲದೆ "ತಾಯಿ ಮೊಟ್ಟೆ ಬಿಟ್ಟು ಹೋಯ್ತು" ಅಂತ ಕೈ ಹಾಕಿ ಎತ್ತಿ ನೋಡೋರನ್ನು ಕಂಡರೆ ನನಗೆ ಮೈ ಉರಿಯುತ್ತೆ. ಸುಮ್ನೆ ದೂರ ಇರಿ ಅಲ್ವಾ?

ಕಾಳು ಅಂದರೆ ಬರೀ ಅಕ್ಕಿಯಲ್ಲ. ಜೋಳ, ಸಜ್ಜೆ, ಗೋಧಿ, ಒಡೆದ ಮುಸುಕಿನ ಜೋಳ, ಜೊತೆಗೆ ಹೆಸರುಕಾಳು, ಬಟಾಣಿ. ಮರಿ ಇರುವ ಜೋಡಿಗೆ ಬೇಳೆಕಾಳು ಕೈಬಿಚ್ಚಿ ಹಾಕಿ. ಮೊದಲ ಕೆಲವು ದಿನ ಅಪ್ಪ ಅಮ್ಮ ಇಬ್ಬರೂ ಗಂಟಲ ಚೀಲದಲ್ಲಿ ಹಾಲಿನಂಥದ್ದು ಮಾಡಿ ಕುಡಿಸುತ್ತವೆ, ಅದಕ್ಕೆ ಬಲ ಬೇಡವೇ? ಬೂಸು ಹಿಡಿದ ಕಾಳು ಮಾತ್ರ ಹಾಕಲೇಬೇಡಿ. ಕಾಳು ಒಣಗಿಸಿದ ಮೇಲೆ ಬಿಸಿ ಆರಿದ ನಂತರವೇ ಡಬ್ಬಿಗೆ ತುಂಬಿ. ನಿಮ್ಮ ಮನೆ ರಾಗಿಗೂ ಇದೇ ಮಾತು. ಬಿಸಿಲಿಂದ ತಂದು ಹಾಗೇ ಮುಚ್ಚಿಟ್ಟು, ಆಮೇಲೆ ಮುಗ್ಗಲು ವಾಸನೆ ಅಂತ ಗೊಣಗಬೇಡಿ.

ಈಗ ನನ್ನ ಮುಖ್ಯ ವಿಷಯ. ಪಾರಿವಾಳಕ್ಕೆ ಹಲ್ಲಿಲ್ಲ, ಹೊಟ್ಟೆಯೊಳಗೆ ಕಾಳು ಅರೆಯೋಕೆ ಕಲ್ಲಿನ ಚೂರು ಬೇಕು. ಮೊಟ್ಟೆ ಗಟ್ಟಿಯಾಗೋಕೆ ಸುಣ್ಣದ ಅಂಶ ಬೇಕು. ಅಂಗಡಿಯಲ್ಲಿ ಇಂಥ ಚೂರುಗಳ ಮಿಶ್ರಣ 'ಗ್ರಿಟ್' ಅಂತ ಪೊಟ್ಟಣದಲ್ಲಿ ಸಿಗುತ್ತೆ, ನನಗೆ ಅದರ ಮೇಲೆ ನಂಬಿಕೆಯಿಲ್ಲ. ನಮ್ಮ ಮಾವ ಬೆಂಗಳೂರು ಪೇಟೆಯ ಮನೆ ತಾರಸಿಯಲ್ಲಿ ಗಿರೆಬಾಜ್ ಅನ್ನೋ ಹಾರಾಟದ ಪಾರಿವಾಳ ಸಾಕಿದ್ದರು. ಹಾರಿಸಿ ಸಿಳ್ಳೆ ಹೊಡೆಯೋದು ಅವರ ಕೆಲಸ, ಒರಳಲ್ಲಿ ಕುಟ್ಟೋದು ಅತ್ತೆಯದು. ಪಾರಿವಾಳಕ್ಕೆ ಅಂತ ಅತ್ತೆ ಮಾಡ್ತಿದ್ದ ಉಂಡೆಯನ್ನೇ ನಾನೂ ಮಾಡ್ತೀನಿ. ಚೆನ್ನಾಗಿ ಬೆಂದ ಹಳೆ ಇಟ್ಟಿಗೆ ತಗೊಳ್ಳಿ, ಬಣ್ಣ, ಸಿಮೆಂಟ್ ಅಂಟಿರಬಾರದು. ಹೆಸರುಕಾಳಿನ ಅರ್ಧದಷ್ಟು ಚೂರಾಗುವಂತೆ ಕುಟ್ಟಿ ಜರಡಿ ಹಿಡಿಯಿರಿ, ಪುಡಿ ಎಸೆಯಿರಿ. ಪುಡಿ ಇದ್ದರೆ ಅವು ಮೂಸಿಯೂ ನೋಡಲ್ಲ. ಅದಕ್ಕೆ ಕಪ್ಪೆಚಿಪ್ಪಿನ ಚೂರು ಧಾರಾಳವಾಗಿ, ಸೌದೆಯ ಇದ್ದಿಲು ಒಂದು ಹಿಡಿ. ಹಳೆ ಗೋಡೆ ಕೆಡವಿದ ಸುಣ್ಣದ ಗಾರೆ ಸಿಕ್ಕರೆ ಅದೂ ಇರಲಿ. ಹೊಸ ಸುಣ್ಣ ಮುಟ್ಟಬೇಡಿ, ಗಂಟಲು ಸುಡುತ್ತೆ. ಕಲ್ಲುಪ್ಪು ಮಾತ್ರ ಹರಳಾಗಿ ಎಂದೂ ಹಾಕಬೇಡಿ. ಆಸೆಗೆ ಹರಳನ್ನೇ ಹೆಕ್ಕಿ ತಿಂದು ಸಾಯುತ್ತವೆ. ಅದನ್ನು ನೀರಲ್ಲಿ ಕರಗಿಸಿ, ನಾಲಿಗೆಗೆ ಉಪ್ಪು ಅಂತ ತಿಳಿದರೆ ಸಾಕು. ಆ ನೀರಲ್ಲಿ ಜರಡಿ ಹಿಡಿದ ಕೆಮ್ಮಣ್ಣು ಕಲಸಿ, ಚೂರುಗಳನ್ನೆಲ್ಲ ಸೇರಿಸಿ, ಚಕ್ಕುಲಿ ಹಿಟ್ಟಿಗಿಂತ ಒಂಚೂರು ಗಟ್ಟಿಯಾಗಿ ನಾದಿ. ನಿಂಬೆಗಾತ್ರದ ಉಂಡೆ ಕಟ್ಟಿ, ಬಿಸಿಲಲ್ಲಿ ಒಣಗಿಸಿ. ಎರಡು ಉಂಡೆ ತಾಗಿಸಿದರೆ ಟಣ್ ಅನ್ನಬೇಕು, ಡಬ್ ಅಂದರೆ ಒಳಗೆ ಹಸಿ ಇದೆ. ತೆಂಗಿನ ಚಿಪ್ಪಲ್ಲಿ ಒಂದೊಂದೇ ಇಡಿ. ಮರಿ ಸಾಕುವ ಜೋಡಿ ಅದನ್ನು ಕೊಕ್ಕಿಂದ ಹೇಗೆ ಕೆರೆಯುತ್ತವೆ, ನೀವೇ ನೋಡಿ.

ನೀರು ದಿನಾ ಬದಲಾಯಿಸಿ, ಕೊಕ್ಕು ಮುಳುಗುವಷ್ಟು ಆಳ ಇರಲಿ, ಏಕೆಂದರೆ ಅವು ಹೀರಿ ಕುಡಿಯುತ್ತವೆ. ಕಸ ಗುಡಿಸುವಾಗ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿ. ಆ ಒಣ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನಾಲ್ಕು ವಾರದ ಮರಿಯನ್ನು ಬೇರೆ ಮಾಡುವಾಗ ಮೊದಲು ನೀರು ತೋರಿಸಿ, ಕೊಕ್ಕನ್ನು ಮೆಲ್ಲಗೆ ಅದ್ದಿ. ಮೂಗಿನ ತೂತು ಮುಳುಗಿಸಿ ಉಸಿರು ಕಟ್ಟಿಸಬೇಡಿ ಮತ್ತೆ.